ಊರೊಳಗಿನ ಹಳ್ಳವೂ ಸರ್ಕಾರದ ಬೊಕ್ಕಸವೂ

ಚಂದ್ರದ್ರೋಣ ಪರ್ವತದ ಅಡಿಯಲ್ಲಿರುವ ಚಿಕ್ಕಮಗಳೂರು, ಹೇಮಾವತಿಯ ಉಗಮಕ್ಕೆ ಸಮೀಪವಾದ ಮೂಡಿಗೆರೆ, ಭದ್ರೆಯ ತಟದ ಕಳಸ, ಈ ಮೂರು ಊರುಗಳಲ್ಲಿಯೂ ಕಾಫಿ ತೋಟದ ನೆರಳಿನಲ್ಲಿ ತಿಳಿಯಾಗಿ ಇಳಿದುಬರುವ ಹಳ್ಳವು ಪೇಟೆಯನ್ನು ಹೊಕ್ಕೊಡನೆ ಮನೆಮನೆಯ ಮೋರಿಗಳನ್ನು ಕೂಡಿಸಿಕೊಂಡು, ಪೇಟೆಯನ್ನು ದಾಟುವ ವೇಳೆಗೆ ತನ್ನ ಮೊದಲ ರೂಪವನ್ನೇ ಕಳೆದುಕೊಂಡಿರುತ್ತದೆ. ಕೆಟ್ಟ ಹಳ್ಳವನ್ನು ಪುನಃ ಹಳ್ಳವಾಗಿಸಲು ಸಾರ್ವಜನಿಕ ದ್ರವ್ಯವು ಯಾವ ಯಾವ ಕಾಲದಲ್ಲಿ, ಯಾವ ಯಾವ ಮಾರ್ಗದಿಂದ ಒದಗಿತೆಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂದು ವಿದ್ವಾಂಸರು ಗುರುತಿಸಿರುವರು. ಆ ಕಾಲದ ಕನ್ನಡನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳು ಮತ್ತೆ ಮತ್ತೆ ಕಾಣಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಭೂಮಿಯನ್ನೋ ಬೆಳೆಯಲ್ಲಿ ಪಾಲನ್ನೋ ಬಿಟ್ಟುಕೊಡುವ ಈ ಏರ್ಪಾಡಿನಲ್ಲಿ ಗಮನಿಸತಕ್ಕ ಅಂಶವೆಂದರೆ, ಕಟ್ಟುವ ಕಾರ್ಯವು ಒಮ್ಮೆ ಮುಗಿದರೂ ಕಾಯುವ ಕಾರ್ಯಕ್ಕೆ ವರ್ಷವರ್ಷವೂ ಆದಾಯವು ಒದಗುತ್ತಿದ್ದುದು. ಊರ ಹಳ್ಳಕ್ಕೆ ಇಂಥ ಸ್ಥಿರವಾದ ಆದಾಯವು ಆಧುನಿಕ ಕಾಲದಲ್ಲಿ ಇಂದಿನವರೆಗೂ ದೊರೆತಿಲ್ಲ.

ನಮ್ಮ ಕಾಲಕ್ಕೆ ಬಂದರೆ, 1974ರ ಜಲಮಾಲಿನ್ಯ ನಿವಾರಣಾ ಶಾಸನವೂ ಅದೇ ವರ್ಷ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ನೀರನ್ನು ಕೆಡಿಸುವವನನ್ನು ದಂಡಿಸುವ ಅಧಿಕಾರವನ್ನು ತಂದವೇ ಹೊರತು, ಕೆಟ್ಟ ಹಳ್ಳವನ್ನು ಸರಿಪಡಿಸುವ ಹಣವನ್ನು ತರಲಿಲ್ಲ. ಕಾಫಿ ಸೀಮೆಯಲ್ಲಿ ಈ ಕೊರತೆಯು ಬಹು ಸ್ಪಷ್ಟವಾಗಿ ಕಂಡಿತು. ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಸುರಿದು, ಸಿಪ್ಪೆ ಬೇರ್ಪಡಿಸಿ, ಬೀಜಕ್ಕಂಟಿದ ಲೋಳೆಯನ್ನು ತೊಳೆದು ಹೊರಬಿಟ್ಟ ನೀರು ಸಕ್ಕರೆಯ ಅಂಶದಿಂದ ಕೂಡಿದ್ದು, ಬೇಗನೆ ಹುಳಿತು, ಹಳ್ಳದ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಅದೂ ಮಳೆ ನಿಂತು ಹಳ್ಳಗಳು ಸೊರಗಿರುವ ಮಾಗಿಯ ತಿಂಗಳುಗಳಲ್ಲಿ. ಸುಣ್ಣ ಬೆರೆಸುವ ತೊಟ್ಟಿಗಳನ್ನೂ ನೀರನ್ನು ನಿಲ್ಲಿಸುವ ಹೊಂಡಗಳನ್ನೂ ನಿರ್ಮಿಸಿಕೊಳ್ಳಲು ಕಾಫಿ ಮಂಡಳಿಯು ಬೆಳೆಗಾರರಿಗೆ ಸಹಾಯಧನವನ್ನು ಕೊಟ್ಟುದು, ಈ ಗುಡ್ಡಗಳಲ್ಲಿ ಹಳ್ಳದ ಸಲುವಾಗಿ ವಿನಿಯೋಗವಾದ ಸರ್ಕಾರಿ ಹಣದಲ್ಲಿ ಅತ್ಯಂತ ಸಾರ್ಥಕವಾದುದೆಂದು ನಾನು ಭಾವಿಸುತ್ತೇನೆ. ಏಕೆಂದರೆ ಅದು ರೋಗವನ್ನು ಮೂಲದಲ್ಲಿಯೇ ತಡೆಯಲೆತ್ನಿಸಿತು.

ಪಟ್ಟಣಗಳ ಕಥೆ ಬೇರೆ. 1986ರಲ್ಲಿ ಗಂಗೆಗಾಗಿ ಆರಂಭವಾದ ಕೇಂದ್ರದ ಕಾರ್ಯಯೋಜನೆಯು 1995ರಲ್ಲಿ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಾಗಿ ವಿಸ್ತರಿಸಿತು. 2001ರಿಂದ ವೆಚ್ಚದಲ್ಲಿ ಶೇಕಡಾ 70ನ್ನು ಕೇಂದ್ರವೂ 30ನ್ನು ರಾಜ್ಯವೂ ವಹಿಸುವ ಪದ್ಧತಿ ನೆಲೆಗೊಂಡಿತು. ಕರ್ನಾಟಕದಲ್ಲಿ ಭದ್ರಾವತಿ, ಶಿವಮೊಗ್ಗ, ಹರಿಹರ, ನಂಜನಗೂಡು ಮೊದಲಾದ ಊರುಗಳು ಇದರ ಫಲವನ್ನು ಪಡೆದವು. ಭದ್ರೆಯು ಗಂಗಾಮೂಲದಲ್ಲಿ ಹುಟ್ಟಿ ಮೊದಲು ಮುಟ್ಟುವ ಪೇಟೆಗಳಲ್ಲೊಂದಾದ ಕಳಸವು ಅವುಗಳ ಸಾಲಿನಲ್ಲಿರಲಿಲ್ಲ. ನದಿಗೆಂದು ಬಂದ ಹಣವು ಅದನ್ನು ಪೋಷಿಸುವ ಸಣ್ಣ ಹಳ್ಳಗಳನ್ನು ನೋಡದೆಯೇ ಕೆಳಗಿನ ದೊಡ್ಡ ಊರುಗಳಿಗೆ ಹೋಯಿತು.

2015ರ ಅಮೃತ್ ಯೋಜನೆಯು ಲಕ್ಷ ಜನಸಂಖ್ಯೆ ಮೀರಿದ ನಗರಗಳನ್ನು ಆರಿಸಿಕೊಂಡುದರಿಂದ ಚಿಕ್ಕಮಗಳೂರು ಒಳಗಾಯಿತು, ಮೂಡಿಗೆರೆ ಹೊರಗುಳಿಯಿತು. 2021ರ ಎರಡನೆಯ ಆವೃತ್ತಿಯು ಎಲ್ಲ ಪಟ್ಟಣಗಳಿಗೂ ಬಾಗಿಲು ತೆರೆದು, ಜಲಮೂಲಗಳ ಪುನಶ್ಚೇತನವನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತು. ಇತ್ತ, 2005ರ ಉದ್ಯೋಗ ಖಾತರಿ ಶಾಸನದಡಿ ಬಂದ ಕೂಲಿಯ ಹಣವು ಗ್ರಾಮ ಪಂಚಾಯಿತಿಯ ಎಲ್ಲೆಯವರೆಗೆ ಮಾತ್ರ ಹಳ್ಳದ ಹೂಳನ್ನು ತೆಗೆಯಬಲ್ಲುದಾಗಿತ್ತು. ನೀರಿಗಿಲ್ಲದ ಎಲ್ಲೆಯು ಹಣಕ್ಕೆ ಉಂಟಾದುದರಿಂದ, ತೋಟದ ಬದಿಯಲ್ಲಿ ತೆರವಾದ ಹಳ್ಳವು ಪೇಟೆಯ ಮೊದಲ ಮೋರಿಯ ಬಳಿಯೇ ಕಟ್ಟಿಕೊಳ್ಳುವುದು ಸಾಧ್ಯವಾಯಿತು. ಇನ್ನು ವಿಪತ್ತು ಪರಿಹಾರ ನಿಧಿಯಾದರೋ ಅನಾಹುತವಾದ ಮೇಲೆ ಬರತಕ್ಕದ್ದು. ಭದ್ರೆ ಉಕ್ಕಿ ಕಳಸದ ಹೆಬ್ಬಾಳೆ ಸೇತುವೆ ಮುಳುಗಿದಾಗ ಎಲ್ಲರ ದೃಷ್ಟಿಯೂ ಸೇತುವೆಯ ಮೇಲಿರುತ್ತದೆ, ಅದಕ್ಕೆ ನೀರನ್ನು ತಂದ ಹಳ್ಳಗಳ ಮೇಲಲ್ಲ.

ಹೊರಗಿನ ನಿದರ್ಶನಗಳಲ್ಲಿ ಪ್ರಖ್ಯಾತವಾದುದು ಕೊರಿಯಾದ ಸೋಲ್ ನಗರದ ಚಂಗ್ಯೆಚಾನ್. 2003ರಿಂದ 2005ರ ಒಳಗೆ ಮೇಲ್ಸೇತುವೆಯ ಹೆದ್ದಾರಿಯನ್ನು ಕೆಡವಿ 5.8 ಕಿ.ಮೀ. ಹೊಳೆಯನ್ನು ತೆರೆದ ಆ ಸಾಹಸವು ಸ್ತುತ್ಯವಾದರೂ, ಅಲ್ಲಿನ ನೀರನ್ನು ಬಹುಮಟ್ಟಿಗೆ ಹಾನ್ ನದಿಯಿಂದ ಪಂಪುಗಳೇ ತರುತ್ತವೆ. ಬೆಂಗಳೂರಿನಲ್ಲಿ ಕೋರಮಂಗಲ ಕಣಿವೆಯ ರಾಜಕಾಲುವೆಗೆ ಸುಮಾರು 175 ಕೋಟಿ ರೂಪಾಯಿಗಳ ಕೆ-100 ಯೋಜನೆ ರೂಪುಗೊಂಡಿತು. ಮಲೆನಾಡಿನ ಸಣ್ಣ ಊರುಗಳಿಗೆ ಇವೆರಡಕ್ಕಿಂತಲೂ ಹತ್ತಿರವಾದುದು ಕ್ಯಾಲಿಫೋರ್ನಿಯಾದ ಮಾದರಿ: 1984ರ ಶಾಸನದಿಂದ ಹುಟ್ಟಿದ ಅಲ್ಲಿನ ನಗರ ಹಳ್ಳಗಳ ಪುನರುದ್ಧಾರ ಕಾರ್ಯಕ್ರಮವು ಸಣ್ಣ ಅನುದಾನಗಳನ್ನು ಕೊಡುತ್ತದೆ, ಸ್ಥಳೀಯ ಸಂಸ್ಥೆಯೂ ನಾಗರಿಕರ ಸಂಘವೂ ಜೊತೆಯಾಗಿಯೇ ಅರ್ಜಿ ಹಾಕಬೇಕೆಂಬುದು ಅದರ ನಿಯಮ.

ಈ ನಿಯಮವು ನಮ್ಮಲ್ಲಿಯೂ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲಣ ತೋಟದವರೂ ಕೆಳಗಣ ಪೇಟೆಯವರೂ ಒಂದೇ ಅರ್ಜಿಗೆ ಸಹಿ ಹಾಕದ ಹೊರತು ಹಳ್ಳದ ಒಂದು ತುಂಡು ಮಾತ್ರ ದುರಸ್ತಿಯಾಗುತ್ತದೆ, ಆ ದುರಸ್ತಿಯೂ ಇಕ್ಕೆಲಗಳಲ್ಲಿ ಕಾಂಕ್ರೀಟು ಗೋಡೆ ಎಬ್ಬಿಸುವುದರಲ್ಲಿಯೇ ಪರ್ಯವಸಾನವಾಗುತ್ತದೆ. ಹದಿನೈದನೆಯ ಹಣಕಾಸು ಆಯೋಗವು ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ನೈರ್ಮಲ್ಯಕ್ಕೂ, ಕುಡಿಯುವ ನೀರು, ಮಳೆನೀರು ಸಂಗ್ರಹ ಮೊದಲಾದವುಗಳಿಗೂ ಮೀಸಲಿಟ್ಟುದು ಒಂದು ದಾರಿಯನ್ನು ತೋರಿಸಿದೆ. ಅಂಥ ಹಣದ ನಿಶ್ಚಿತವಾದ ಒಂದು ಭಾಗವನ್ನು ಹಳ್ಳದ ಪಾಲನೆಯೆಂಬ ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಪಟ್ಟಣ ಪಂಚಾಯಿತಿಯ ಆಯವ್ಯಯದಲ್ಲಿ ಪ್ರತಿವರ್ಷವೂ ತೋರಿಸಿ, ಮುಂಗಾರಿಗೆ ಮೊದಲು ಹೂಳು ತೆಗೆಯುವುದಕ್ಕೂ, ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ಊರ ಮೇಲೆಯೂ ಕೆಳಗೆಯೂ ನೀರನ್ನು ಪರೀಕ್ಷಿಸಿ ಅದರ ಫಲಿತಾಂಶವನ್ನು ಪಂಚಾಯಿತಿಯ ಬಾಗಿಲಲ್ಲಿ ಅಂಟಿಸುವುದಕ್ಕೂ ವೆಚ್ಚಮಾಡಬೇಕು.