ವಿಶೇಷಚೇತನರ ಮತದಾನ (ಭಾರತ)

ಅಂಗವೈಕಲ್ಯವುಳ್ಳವರು ಮತದಾರರ ಪಟ್ಟಿಗೆ ಸೇರಿ, ಸ್ವತಂತ್ರವಾಗಿ ಮತ ಹಾಕಲು ಇರುವ ವ್ಯವಸ್ಥೆ. ಹೊಸ ಹೆಸರಿಗೆ ನಮೂನೆ 6; ಪಟ್ಟಿಯಲ್ಲಿರುವವರು ತಮ್ಮ ವೈಕಲ್ಯವನ್ನು ದಾಖಲಿಸಲು ನಮೂನೆ 8. ಮತಗಟ್ಟೆಗೆ ಇಳಿಜಾರು, ಮತಯಂತ್ರದ ಮೇಲೆ ಬ್ರೈಲ್ ಬರಲು 2004ರ ಸುಪ್ರೀಂ ಕೋರ್ಟ್ ಆದೇಶ ಮುಖ್ಯ ಕಾರಣ. ಅಂಧರು 18 ತುಂಬಿದ ಸಂಗಾತಿಯ ನೆರವು ಪಡೆಯಬಹುದು. ಆದರೆ ಒಬ್ಬ ಸಂಗಾತಿ ಒಂದು ದಿನ ಒಬ್ಬರಿಗಷ್ಟೇ ನೆರವಾಗಬಹುದು.

ಕಿವುಡರ ಕಷ್ಟ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಚರ್ಚೆಗೂ ಬರುವುದು ಕಡಿಮೆ. ಮತಗಟ್ಟೆಯಲ್ಲಿ ಅಧಿಕಾರಿ ಮತದಾರರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಮತ ದಾಖಲಾದದ್ದನ್ನು ಯಂತ್ರ ಬೀಪ್ ಸದ್ದಿನಿಂದ ತಿಳಿಸುತ್ತದೆ. ಕೇಳಿಸದವರಿಗೆ ಗುಂಡಿಯ ಪಕ್ಕದ ಕೆಂಪು ದೀಪ, ವಿವಿಪ್ಯಾಟ್‌ನಲ್ಲಿ 7 ಸೆಕೆಂಡು ಕಾಣುವ ಚೀಟಿಯೇ ಆಧಾರ. ಪ್ರಚಾರ ಭಾಷಣಗಳಿಗಂತೂ ಸಂಜ್ಞೆ ಭಾಷೆಯ ಅನುವಾದ ಅಪರೂಪ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 11ನೇ ಕಲಂ ರಾಜ್ಯ ಚುನಾವಣಾ ಆಯೋಗಗಳಿಗೂ ಅನ್ವಯಿಸುವುದರಿಂದ ಪಂಚಾಯಿತಿ, ನಗರಸಭೆಗಳ ಮತಗಟ್ಟೆಗಳೂ ಸುಗಮವಾಗಿರಬೇಕು. ಕರ್ನಾಟಕದ 2020ರ ಗ್ರಾಮ ಪಂಚಾಯಿತಿ ಚುನಾವಣೆ ಹೆಚ್ಚಿನ ಜಿಲ್ಲೆಗಳಲ್ಲಿ ಮತಪತ್ರದಲ್ಲೇ ನಡೆಯಿತು. ಅಲ್ಲಿ ಮತಯಂತ್ರದ ಬ್ರೈಲ್ ಉಪಯೋಗಕ್ಕೆ ಬರುವ ಪ್ರಶ್ನೆಯೇ ಇರಲಿಲ್ಲ.