ಕೊಡಗು: ಗದ್ದೆ, ಬಾಣೆ, ಗಡಿ

ಪಶ್ಚಿಮ ಘಟ್ಟದ ಮೇಲೆ ಹಬ್ಬಿರುವ ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ತಡಿಯಂಡಮೋಳ್ 1,748 ಮೀಟರ್ ಎತ್ತರದ ಶಿಖರ. ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಪೂರ್ವಕ್ಕೆ ಹರಿದರೆ, ಬಾರಾಪೊಳೆ ಘಟ್ಟವಿಳಿದು ಕೇರಳದ ಕಡೆಗೆ ಸಾಗುತ್ತದೆ. ಊರುಗಳು ಒತ್ತೊತ್ತಾಗಿಲ್ಲ, ಒಂದೊಂದು ಮನೆತನದ ಐನ್‌ಮನೆ, ಅಂದರೆ ಮೂಲಮನೆ, ತನ್ನ ಗದ್ದೆಯ ಅಂಚಿನಲ್ಲಿ ಬೇರೆಯಾಗಿ ನಿಂತಿದೆ.

ಕೊಡಗಿನ ಚರಿತ್ರೆಯನ್ನು ಅರಮನೆಗಿಂತ ಈ ಗದ್ದೆಯಿಂದ ನೋಡಿದರೆ ಹೆಚ್ಚು ಅರ್ಥವಾಗುತ್ತದೆ. ಕಣಿವೆಯ ತಗ್ಗಿನಲ್ಲಿ ಭತ್ತ ಬೆಳೆಯುವ ಗದ್ದೆ. ಅದಕ್ಕೆ ಹೊಂದಿಕೊಂಡ ಇಳಿಜಾರಿನಲ್ಲಿ ಬಾಣೆ. ಗೊಬ್ಬರದ ಸೊಪ್ಪು, ಸೌದೆ, ದನದ ಮೇವು ಎಲ್ಲವೂ ಬಾಣೆಯಿಂದಲೇ ಬರಬೇಕು. ಅದಿಲ್ಲದೆ ಗದ್ದೆ ನಡೆಯದು. ಆದ್ದರಿಂದ ಕಂದಾಯ ಗದ್ದೆಗೆ ಮಾತ್ರ ಇತ್ತು, ಬಾಣೆಗಿರಲಿಲ್ಲ. ರಾಜರ ಸೇವೆಗೆ ಬದ್ಧರಾದ ಮನೆತನಗಳಿಗೆ ವಂಶಪಾರಂಪರ್ಯವಾಗಿ ಸಿಕ್ಕ ಜಮ್ಮಾ ಜಮೀನಿಗೆ, ಸಾಮಾನ್ಯ ಸಾಗು ಜಮೀನಿನ ಅರ್ಧದಷ್ಟೇ ಕಂದಾಯವಿತ್ತು. ಯುದ್ಧ ಬಂದಾಗ ಕೋವಿ ಹಿಡಿದು ಹೊರಡುವುದು ಆ ರಿಯಾಯಿತಿಯ ಬೆಲೆಯಾಗಿತ್ತು. ಕಾಡಿನ ನಡುವೆ ಇಂದಿಗೂ ಕಾಣುವ ಕಡಂಗಗಳು, ಅಂದರೆ ಆಳವಾಗಿ ತೋಡಿದ ಕಂದಕಗಳು, ಆ ಕಾಲದ ಗಡಿಕಾವಲಿನ ಗುರುತು.

ಲಿಂಗಾಯತರಾದ ಹಾಲೇರಿ ಅರಸರು ಈ ವ್ಯವಸ್ಥೆಯ ಮೇಲೆಯೇ ಆಳಿದರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ. ಟಿಪ್ಪುವಿನ ಸೆರೆಯಲ್ಲಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮತ್ತೆ ಕಟ್ಟಿದ. ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿತು.

ಅದೇ ವರ್ಷ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯವರೆಗೆ ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲಿ ಕಟ್ಟಬೇಕಾಯಿತು. ಕೈಯಲ್ಲಿ ನಾಣ್ಯವಿಲ್ಲದ ರೈತನಿಗೆ ಇದು ದೊಡ್ಡ ಅನ್ಯಾಯ. 1837ರ ಅಮರಸುಳ್ಯ ದಂಗೆಯ ಹಿಂದೆ ಅರಸೊತ್ತಿಗೆಯ ನೆನಪಿನಷ್ಟೇ ಈ ಸಂಕಟವೂ ಇತ್ತು. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು ಕೆಲವು ದಿನ ಮಂಗಳೂರನ್ನೇ ಹಿಡಿದಿತ್ತು.

ಕಂಪನಿಯ ಬಳಿಕ ಕೊಡಗು ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತ್ಯವಾಗಿ ಉಳಿಯಿತು. ಅದಕ್ಕೂ ಮುಂಚೆಯೇ, 1854ರ ಸುಮಾರಿಗೆ, ಯುರೋಪಿಯನ್ನರು ಕಾಫಿ ತೋಟ ತೆರೆದರು. ಬೆಟ್ಟದ ಇಳಿಜಾರಿಗೆ ಮೊದಲ ಬಾರಿಗೆ ಮಾರುಕಟ್ಟೆಯ ಬೆಲೆ ಬಂತು. ಬಾಣೆಗಳಲ್ಲೂ ಕಾಫಿ ಹಬ್ಬಿತು. ಗದ್ದೆಯ ಬೆನ್ನಿಗಿದ್ದ ಬಾಣೆಯೇ ಮನೆತನದ ಮುಖ್ಯ ಆದಾಯವಾಯಿತು. ಜಮ್ಮಾ, ಬಾಣೆಗಳ ಹಕ್ಕುಗಳನ್ನು 1899ರ ಕೊಡಗು ಭೂಕಂದಾಯ ನಿಯಮಾವಳಿ ಬರಹಕ್ಕೆ ಇಳಿಸಿತು.

ಸ್ವಾತಂತ್ರ್ಯದ ನಂತರ ಕೊಡಗು 'ಸಿ' ದರ್ಜೆಯ ರಾಜ್ಯ. 1952ರ ಚುನಾವಣೆಯ ಬಳಿಕ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಜಿಲ್ಲೆಯಾಯಿತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಜತೆಗೆ ಈಗ ಪೊನ್ನಂಪೇಟೆ, ಕುಶಾಲನಗರಗಳೂ ತಾಲ್ಲೂಕುಗಳಾಗಿವೆ.