ದಾಸರ ಪದಗಳು (ಮಂಗಳೂರು, 1850)

ಹರಿದಾಸರ ಕೀರ್ತನೆಗಳ ಅತ್ಯಂತ ಹಳೆಯ ಅಚ್ಚು ಸಂಕಲನಗಳಲ್ಲಿ ಒಂದು. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಇದರಲ್ಲಿ ಸುಮಾರು 170 ಪದಗಳಿವೆ. ಸಂಪಾದಕ ಹರ್ಮನ್ ಮೋಗ್ಲಿಂಗ್ (1811–1881). ಮಾಲೆಯ ಖರ್ಚು ಹೊತ್ತವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್.

ಇದು ಕಲ್ಲಚ್ಚಿನ ಪುಸ್ತಕ. ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ನುಣುಪು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಶಾಯಿ ಉರುಳಿಸಿ ಕಾಗದ ಒತ್ತುತ್ತಿದ್ದರು. ನೀರು ನಿಂತಲ್ಲಿ ಶಾಯಿ ಹಿಡಿಯದು. ಹೀಗಾಗಿ ಪುಟದ ತುಂಬ ಕಾಣುವುದು ಲಿಪಿಕಾರನ ಕೈಬರಹ. ತಂಬೂರಿ ಮೀಟುತ್ತ ಊರೂರು ತಿರುಗಿದ ಅನುಭಾವ ಕಾಗದಕ್ಕೆ ಇಳಿದುದಕ್ಕೆ ಇದಕ್ಕಿಂತ ಅಪ್ಪಟ ಸಾಕ್ಷಿ ಸಿಗುವುದು ಕಷ್ಟ. ಯಹೂದಿ ಅನುಭಾವಗ್ರಂಥ 'ಜೋಹರ್' 1558–60ರಲ್ಲಿ ಇಟಲಿಯ ಮಾಂಟುವಾದಲ್ಲಿ ಅಚ್ಚಾಗುವಾಗ, ಗುಟ್ಟಿನ ವಿದ್ಯೆಯನ್ನು ಬಯಲಿಗಿಡಬಹುದೇ ಎಂದು ರಬ್ಬಿಗಳೊಳಗೇ ಜಗಳವೆದ್ದಿತ್ತು. ದಾಸರ ಪದಗಳಿಗೆ ಆ ಪ್ರಶ್ನೆಯೇ ಇರಲಿಲ್ಲ; ದಾಸರು ಬೀದಿಯಲ್ಲೇ ಹಾಡಿದವರು.

1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಬಂದರು. ಅಲ್ಲಿನ ಸಿದ್ದಾಪುರ ಸೀಮೆಯಲ್ಲಿ ಆನಂದಪುರ ನೆಲೆ ಕಟ್ಟಿದರು. ಮುಂದೆ ಕೆಲವು ಪದಗಳನ್ನು ಜರ್ಮನ್‌ಗೂ ಅನುವಾದಿಸಿದರು.

ಬಾಸೆಲ್ ಮಿಷನ್‌ನ ಹಳೆಯ ಕನ್ನಡ ಪುಸ್ತಕಗಳ ಸಂಗ್ರಹ ಈಗ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಇದೆ.